ತಮ್ಮನ ನಿದ್ದೆಗೆ ಒಂದು ಮೊಳ ಮಣ್ಣು

ಹೂಂ ಅನ್ನಿ ಮಕ್ಕಳೇ, ಹೂಂ ಅನ್ನಿ. ನೀವು ಹೂಂ ಅಂದರೆ ಕಥೆ ನಡೆಯುತ್ತದೆ. ಹೂಂ ಅನ್ನದಿದ್ದರೆ ಕಥೆ ದಾರಿಯಲ್ಲೇ ಕೂತುಬಿಡುತ್ತದೆ.

ಹೂಂ?

ಒಂದು ಊರು. ಊರ ತುಂಬ ಬಿಸಿಲು. ಎಂಥಾ ಬಿಸಿಲು? ಕಲ್ಲಿನ ಮೇಲೆ ಜೋಳ ಚೆಲ್ಲಿದರೆ ಚಟಪಟ ಅರಳಾಗುವಂಥ ಬಿಸಿಲು.

ಆ ಊರಿನಲ್ಲಿ ಒಂದು ಮನೆ. ಹಳೆಯ ಮನೆ. ಮುತ್ತಜ್ಜನ ಮುತ್ತಜ್ಜ ಕಟ್ಟಿದ ಮನೆ. ಕಲ್ಲಿನ ಗೋಡೆ. ಗೋಡೆಯ ಮೇಲೆ ಕಟ್ಟಿಗೆಯ ತೊಲೆ. ತೊಲೆಯ ಮೇಲೆ ಮಣ್ಣಿನ ಮಾಳಿಗೆ. ಮಾಳಿಗೆಯ ನಟ್ಟ ನಡುವೆ ಒಂದು ಬೆಳಕಿಂಡಿ, ಊಟದ ತಟ್ಟೆಯಷ್ಟು ಅಗಲ.

ಆ ಮನೆಯಲ್ಲಿ ದುಂಡಿ ಇದ್ದಳು. ದುಂಡಿಗೆ ಏಳು ವರ್ಷ. ಅಪ್ಪ ಇದ್ದ. ಅವ್ವ ಇದ್ದಳು. ಅಜ್ಜಿ ಇದ್ದಳು. ಅಜ್ಜಿಯನ್ನು ದುಂಡಿ ಆಯಿ ಅಂತ ಕರೆಯುತ್ತಿದ್ದಳು. ತೊಟ್ಟಿಲಲ್ಲಿ ತಮ್ಮ ಇದ್ದ. ತಮ್ಮನ ಹೆಸರು ಬಾಳು.

ಒಂದು ದಿನ ಏನಾಯಿತು? ಬಾಳುವಿನ ನಿದ್ದೆ ಕಳೆದುಹೋಯಿತು.

ಮಧ್ಯಾಹ್ನದ ನಿದ್ದೆ. ದಿನಾ ಉಂಡ ಮೇಲೆ ಬರುತ್ತಿದ್ದ ನಿದ್ದೆ. ಅವತ್ತು ಬರಲೇ ಇಲ್ಲ.

ಅವ್ವ ತೊಟ್ಟಿಲು ತೂಗಿದಳು. ನಿದ್ದೆ ಬರಲಿಲ್ಲ. ಆಯಿ ಜೋಗುಳ ಹಾಡಿದಳು. ನಿದ್ದೆ ಬರಲಿಲ್ಲ. ಅಪ್ಪ ಫ್ಯಾನು ಹಾಕಿದ. ಫ್ಯಾನು ಏನು ಮಾಡಿತು? ಮನೆಯ ಬಿಸಿ ಗಾಳಿಯನ್ನೇ ಗರಗರ ತಿರುಗಿಸಿ ತಿರುಗಿಸಿ ಬಾಳುವಿನ ಮೇಲೆ ಎಸೆಯಿತು. ನಿದ್ದೆ ಬರಲಿಲ್ಲ.

ಒಂದು ದಿನ ಅತ್ತ. ಎರಡು ದಿನ ಅತ್ತ. ಮೈ ತುಂಬ ಬೆವರುಸಾಲೆ ಎದ್ದಿತು. ಅತ್ತು ಅತ್ತು ದನಿ ಸೋತಿತು. ಮೂರನೆಯ ದಿನ ಬಾಳು ಅಳಲೇ ಇಲ್ಲ. ಕಣ್ಣು ತೆರೆದುಕೊಂಡು ಸುಮ್ಮನೆ ಬಿದ್ದುಕೊಂಡಿದ್ದ. ಅದನ್ನು ನೋಡಿ ದುಂಡಿಗೆ ಹೆದರಿಕೆಯಾಯಿತು.

"ಆಯಿ, ತಮ್ಮನ ನಿದ್ದಿ ಎಲ್ಲಿ ಹೋತು?"

ಆಯಿ ಮೇಲೆ ನೋಡಿದಳು. "ಮೊದಲ ಮನಿಯ ತಂಪು ಹೋತು ಕೂಸ. ತಂಪಿನ ಹಿಂದ ನಿದ್ದಿ ಹೋತು."

"ತಂಪು ಯಾಕ ಹೋತು?"

"ಮಾಳಿಗಿ ಮಣ್ಣು ಸವದೈತಿ. ಮಳಿ ಒಂದಿಷ್ಟು ತೊಳಕೊಂಡು ಹೋತು. ಗಾಳಿ ಒಂದಿಷ್ಟು ಹೊತ್ಕೊಂಡು ಹೋತು. ಒಂದು ಮೊಳ ಇತ್ತು, ಈಗ ನಾಕು ಬೆರಳು ಉಳದೈತಿ. ಬೆಕ್ಕು ಇಳೀತಾವಂತ ನಿಮ್ಮಪ್ಪ ಬೆಳಕಿಂಡಿಗೆ ತಗಡು ಬಡದಾನ. ಒಳಗ ಬಂದ ಬಿಸಿ ಹೊರಗ ಹೋಗಾಕ ದಾರಿನ ಇಲ್ಲ."

"ಹಂಗಾದ್ರ ಯಾರು ಸರಿ ಮಾಡ್ತಾರ?"

"ಗೌಂಡಿ ಮುತ್ಯಾ."

ಗೌಂಡಿ ಅಂದರೆ ಯಾರು? ಗೋಡೆ ಕಟ್ಟುವವನು, ಮಾಳಿಗೆ ಹಾಕುವವನು. ಮುತ್ಯಾ ಅಂದರೆ ಯಾರು? ಅಜ್ಜ.

ಅಪ್ಪ ಕೆಲಸಕ್ಕೆ ಹೋಗಿದ್ದ. ಅವ್ವ ತೊಟ್ಟಿಲು ಬಿಟ್ಟು ಏಳುವಂತಿರಲಿಲ್ಲ. ದುಂಡಿ ಎದ್ದಳು. ಚಪ್ಪಲಿ ಮೆಟ್ಟಿದಳು. ತಲೆಗೆ ಒದ್ದೆ ವಸ್ತ್ರ ಸುತ್ತಿಕೊಂಡಳು. ನಡೆದಳು. ತಪ ತಪ ತಪ ತಪ.

ಗೌಂಡಿ ಮುತ್ಯಾ ಜಗಲಿಯ ಮೇಲೆ ಕೂತಿದ್ದ.

"ಗೌಂಡಿ ಮುತ್ಯಾ, ಗೌಂಡಿ ಮುತ್ಯಾ!
ಮನ್ಯಾಗ ತಂಪಿಲ್ಲ.
ತಮ್ಮಗ ನಿದ್ದಿಲ್ಲ.
ನಮ್ಮ ಮಾಳಿಗಿ ಏರ್ರಿ!"

ಮುತ್ಯಾ ತಲೆ ಅಲ್ಲಾಡಿಸಿದ. "ನಾ ಏರಂಗಿಲ್ಲ. ಬರಿಗೈಲೆ ಏರಿ ಏನು ಮಾಡ್ಲಿ? ಮಾಳಿಗಿಗೆ ಸವಳು ಮಣ್ಣು ಬೇಕು. ಹಳ್ಳದ ಆಚಿ ದಂಡ್ಯಾಗ ಬೆಳ್ಳಗ ಬಿದ್ದಿರ್ತೈತಿ ನೋಡು, ಆ ಮಣ್ಣು. ಮಣ್ಣು ಬಂದ್ರ ನಾ ಏರ್ತೀನಿ. ಹೋಗು, ಕತ್ತೆ ಯಂಕಪ್ಪನ್ನ ಕೇಳು."

ದುಂಡಿ ನಡೆದಳು. ತಪ ತಪ ತಪ ತಪ.

ಯಂಕಪ್ಪನಿಗೆ ಎರಡು ಕತ್ತೆ. ಒಂದು ಬಿಳಿ ಕತ್ತೆ. ಒಂದು ಬೂದಿ ಕತ್ತೆ. ಎರಡೂ ನೆರಳಿನಲ್ಲಿ ನಿಂತು ಕಿವಿ ಅಲ್ಲಾಡಿಸುತ್ತಿದ್ದವು.

"ಯಂಕಪ್ಪ ಕಾಕಾ, ಯಂಕಪ್ಪ ಕಾಕಾ!
ಗೌಂಡಿ ಮುತ್ಯಾ ಮಾಳಿಗಿ ಏರಲಿಲ್ಲ.
ಮನ್ಯಾಗ ತಂಪಿಲ್ಲ.
ತಮ್ಮಗ ನಿದ್ದಿಲ್ಲ.
ಸವಳು ಮಣ್ಣು ತರ್ರಿ!"

"ನಾ ತರಂಗಿಲ್ಲ" ಅಂದ ಯಂಕಪ್ಪ. "ಇಲ್ಲಿ ನೋಡು."

ಅವನು ಒಂದು ಗೋಣಿಚೀಲ ಎತ್ತಿದ. ಅದರೊಳಗೆ ಕೈ ಹಾಕಿದ. ಚೀಲದ ತಳದಿಂದ ಐದು ಬೆರಳು ಹೊರಗೆ ಬಂದವು! ಬೆರಳು ಅಲ್ಲಾಡಿಸಿದ. "ಹಳ್ಳದಾಗ ತುಂಬಿದ್ರ ದಾರ್ಯಾಗ ಸುರೀತೈತಿ. ನಿಮ್ಮ ಮನಿ ಮುಟ್ಟೂದ್ರಾಗ ಬರೇ ಕತ್ತೆ ಉಳೀತಾವ. ಚೀಲ ಬಂದ್ರ ಮಣ್ಣು ತರ್ತೀನಿ. ಹೋಗು, ಚೀಲ ಹೊಲಿಯೂ ಜೈನಾಬಿನ್ನ ಕೇಳು."

ದುಂಡಿ ನಡೆದಳು. ತಪ ತಪ ತಪ ತಪ.

ಜೈನಾಬಿ ಹೊಸ್ತಿಲಲ್ಲಿ ಕೂತಿದ್ದಳು. ಅವಳ ಸುತ್ತ ಗೋಣಿತಟ್ಟು, ಗೋಣಿತಟ್ಟು, ಗೋಣಿತಟ್ಟು. ಆದರೆ ಕೈ ಖಾಲಿ.

"ಜೈನಾಬಿ ಖಾಲಾ, ಜೈನಾಬಿ ಖಾಲಾ!
ಯಂಕಪ್ಪ ಕಾಕಾ ಮಣ್ಣು ತರಲಿಲ್ಲ.
ಗೌಂಡಿ ಮುತ್ಯಾ ಮಾಳಿಗಿ ಏರಲಿಲ್ಲ.
ಮನ್ಯಾಗ ತಂಪಿಲ್ಲ.
ತಮ್ಮಗ ನಿದ್ದಿಲ್ಲ.
ಒಂದು ಚೀಲ ಹೊಲೀರಿ!"

"ಹೆಂಗ ಹೊಲೀಲಿ ಬೇಟಿ?" ಅಂದಳು ಜೈನಾಬಿ. "ದಬ್ಬಣ ಮುರೀತು. ನಿನ್ನೆ ಮುರೀತು. ಗೋಣಿಗೆ ಸಣ್ಣ ಸೂಜಿ ಹಾಕಿದ್ರ ಸೂಜಿ ಬಾಗ್ತೈತಿ, ಗೋಣಿ ನಗ್ತೈತಿ. ದಪ್ಪ ದಬ್ಬಣ ಬೇಕು. ದಬ್ಬಣ ಬಂದ್ರ ಚೀಲ ಹೊಲೀತೀನಿ. ಹೋಗು, ಕಮ್ಮಾರ ಮೌನೇಶನ್ನ ಕೇಳು. ತಡಿ ತಡಿ, ಮೊದಲ ಒಂದು ಲೋಟ ನೀರು ಕುಡಿ."

ದುಂಡಿ ನೀರು ಕುಡಿದಳು. ನೀರು ಚಹದಷ್ಟು ಬಿಸಿ ಇತ್ತು. ನಡೆದಳು. ತಪ ತಪ ತಪ ತಪ.

ಮೌನೇಶ ಕುಲುಮೆಯ ಮುಂದೆ ಮಲಗಿದ್ದ. ಕುಲುಮೆಯಲ್ಲಿ ಬೆಂಕಿ ಇಲ್ಲ. ಬರೀ ಬೂದಿ.

"ಮೌನೇಶ ಮಾಮಾ, ಮೌನೇಶ ಮಾಮಾ!
ಜೈನಾಬಿ ಖಾಲಾ ಚೀಲ ಹೊಲೀಲಿಲ್ಲ.
ಯಂಕಪ್ಪ ಕಾಕಾ ಮಣ್ಣು ತರಲಿಲ್ಲ.
ಗೌಂಡಿ ಮುತ್ಯಾ ಮಾಳಿಗಿ ಏರಲಿಲ್ಲ.
ಮನ್ಯಾಗ ತಂಪಿಲ್ಲ.
ತಮ್ಮಗ ನಿದ್ದಿಲ್ಲ.
ಒಂದು ದಬ್ಬಣ ಬಡೀರಿ!"

ಮೌನೇಶ ಕಣ್ಣೂ ತೆರೆಯಲಿಲ್ಲ. "ಆಗಂಗಿಲ್ಲ."

"ಯಾಕ ಆಗಂಗಿಲ್ಲ?"

"ಇದ್ದಿಲು ಇಲ್ಲ. ಇದ್ದಿಲು ಬಂದ್ರ ದಬ್ಬಣ. ಹೋಗು, ದ್ಯಾಮವ್ವನ್ನ ಕೇಳು."

ಅಷ್ಟೇ. ಮಗ್ಗುಲು ಹೊರಳಿದ.

ದ್ಯಾಮವ್ವ ಎಲ್ಲಿ? ಊರ ಹೊರಗೆ. ಜಾಲಿ ಗಿಡಗಳ ನಡುವೆ. ದುಂಡಿ ನಡೆದಳು. ತಪ ತಪ ತಪ ತಪ. ಚಪ್ಪಲಿಯ ಕೆಳಗೆ ನೆಲ ಹೆಂಚಿನಂತೆ ಕಾದಿತ್ತು. ತಲೆಯ ಒದ್ದೆ ವಸ್ತ್ರ ಒಣಗಿ ಹಪ್ಪಳವಾಗಿತ್ತು.

ದ್ಯಾಮವ್ವ ಇದ್ದಿಲು ಸುಡುವವಳು. ಜಾಲಿ ಕಟ್ಟಿಗೆ ಒಟ್ಟುತ್ತಾಳೆ. ಮೇಲೆ ಮಣ್ಣು ಮುಚ್ಚುತ್ತಾಳೆ. ಒಳಗೆ ಬೆಂಕಿ ಇಡುತ್ತಾಳೆ. ಒಳಗೊಳಗೇ ಬೆಂದು ಕಟ್ಟಿಗೆ ಇದ್ದಿಲಾಗುತ್ತದೆ. ಅವತ್ತು ಒಂದು ಗೂಡು ಬೆಂದು ಆರಿ ನಿಂತಿತ್ತು. ಪಕ್ಕದಲ್ಲಿ ದ್ಯಾಮವ್ವ ಕುಸಿದು ಕೂತಿದ್ದಳು.

"ದ್ಯಾಮಕ್ಕಾ, ದ್ಯಾಮಕ್ಕಾ!
ಮೌನೇಶ ಮಾಮಾ ದಬ್ಬಣ ಬಡೀಲಿಲ್ಲ.
ಜೈನಾಬಿ ಖಾಲಾ ಚೀಲ ಹೊಲೀಲಿಲ್ಲ.
ಯಂಕಪ್ಪ ಕಾಕಾ ಮಣ್ಣು ತರಲಿಲ್ಲ.
ಗೌಂಡಿ ಮುತ್ಯಾ ಮಾಳಿಗಿ ಏರಲಿಲ್ಲ.
ಮನ್ಯಾಗ ತಂಪಿಲ್ಲ.
ತಮ್ಮಗ ನಿದ್ದಿಲ್ಲ.
ಒಂದು ಬುಟ್ಟಿ ಇದ್ದಿಲು ತೆಗೀರಿ!"

ದ್ಯಾಮವ್ವ ಬಾಯಿ ತೆರೆದಳು. ದನಿ ಬರಲಿಲ್ಲ. ಹೊಗೆ ಕುಡಿದು ಕುಡಿದು ಗಂಟಲು ಕಟ್ಟಿತ್ತು. ದುಂಡಿ ಅವಳ ಬಾಯಿಗೆ ಕಿವಿ ಇಟ್ಟಳು.

"ಮಜ್ಜಿಗಿ…" ಅಂದಳು ದ್ಯಾಮವ್ವ. "ಒಂದು ತಂಬಿಗಿ ತಣ್ಣನ ಮಜ್ಜಿಗಿ… ಕುಡದ್ರ ಎದ್ದೇನು. ಎದ್ರ ಇದ್ದಿಲು ತೆಗದೇನು… ಸಾವಂತ್ರವ್ವನ ಹತ್ರ ಹೋಗು…"

ದುಂಡಿ ಓಡಿದಳು. ಈಗ ಅವಳಿಗೆ ಇಬ್ಬರ ಚಿಂತೆ. ತಮ್ಮನದೊಂದು, ದ್ಯಾಮಕ್ಕನದೊಂದು. ತಪತಪ ತಪತಪ ತಪತಪ ತಪತಪ!

ಸಾವಂತ್ರವ್ವ ಮುದುಕಿ. ಕಡೆಗೋಲು ಹಿಡಿದು ಗಡಿಗೆಯ ಮುಂದೆ ಕೂತಿದ್ದಳು. ಗಡಿಗೆಯ ತುಂಬ ಮೊಸರು. ಆದರೆ ಕಡೆಯುತ್ತಿರಲಿಲ್ಲ.

"ಸಾವಂತ್ರವ್ವ ಆಯಿ, ಸಾವಂತ್ರವ್ವ ಆಯಿ!
ದ್ಯಾಮಕ್ಕ ಇದ್ದಿಲು ತೆಗೀಲಿಲ್ಲ.
ಮೌನೇಶ ಮಾಮಾ ದಬ್ಬಣ ಬಡೀಲಿಲ್ಲ.
ಜೈನಾಬಿ ಖಾಲಾ ಚೀಲ ಹೊಲೀಲಿಲ್ಲ.
ಯಂಕಪ್ಪ ಕಾಕಾ ಮಣ್ಣು ತರಲಿಲ್ಲ.
ಗೌಂಡಿ ಮುತ್ಯಾ ಮಾಳಿಗಿ ಏರಲಿಲ್ಲ.
ಮನ್ಯಾಗ ತಂಪಿಲ್ಲ.
ತಮ್ಮಗ ನಿದ್ದಿಲ್ಲ.
ಒಂದು ತಂಬಿಗಿ ಮಜ್ಜಿಗಿ ಕಡೀರಿ!"

"ಮೊಸರು ಐತಿ" ಅಂದಳು ಸಾವಂತ್ರವ್ವ. "ತಣ್ಣೀರಿಲ್ಲ. ನಳದ ನೀರು ಕುದೀಲಿಕ್ಹತ್ತೈತಿ. ಅದನ್ನ ಹಾಕಿದ್ರ ಬೆಣ್ಣಿ ಕರಗಿ ಹೋಗ್ತೈತಿ. ತಣ್ಣೀರು ಬಂದ್ರ ಕಡೀತೀನಿ."

"ತಣ್ಣೀರು ಎಲ್ಲೈತಿ?"

"ಹಳೇ ಬಾವ್ಯಾಗ. ಹದಿನೆಂಟು ಮೆಟ್ಟಿಲು ಇಳೀಬೇಕು. ನನ್ನ ಮೊಣಕಾಲು ಒಲ್ಲೆ ಅಂತಾವ."

ಹಳೇ ಬಾವಿ! ಆ ಹೆಸರು ಕೇಳಿ ದುಂಡಿ ಒಂದು ಹೆಜ್ಜೆ ಹಿಂದೆ ಸರಿದಳು. ಆ ಬಾವಿ ಕಪ್ಪಗಿತ್ತು. ಆಳವಾಗಿತ್ತು. ಅವಳು ಯಾವತ್ತೂ ಅದರೊಳಗೆ ಇಳಿದಿರಲಿಲ್ಲ. ದುಂಡಿಯ ಕಣ್ಣಿನಲ್ಲಿ ನೀರು ಬಂತು. ತೊಟ್ಟಿಲಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದ ತಮ್ಮ ನೆನಪಾದ. ಕಣ್ಣು ಒರೆಸಿಕೊಂಡಳು.

"ಕೊಡ ಕೊಡ್ರಿ" ಅಂದಳು.

ಸಾವಂತ್ರವ್ವ ಸಣ್ಣ ತಾಮ್ರದ ಕೊಡ ಕೊಟ್ಟಳು. ಕುಂಟುತ್ತ ಕುಂಟುತ್ತ ಜೊತೆಗೆ ಬಂದಳು. ಬಾವಿಯ ಬಾಯಲ್ಲಿ ಕೂತಳು. "ಒಂದೊಂದ ಮೆಟ್ಟಿಲು ಇಳಿ. ಗೋಡಿ ಹಿಡ್ಕೋ. ನೀರು ಕಾಲಿಗೆ ತಾಕೂಕಿಂತ ಮೊದಲ ಕುಂಡ್ರು. ಅದಕ್ಕೂ ಕೆಳಗ ಇಳೀಬ್ಯಾಡ. ನಾ ಇಲ್ಲೇ ಎಣಿಸ್ತೀನಿ. ನನ್ನ ದನಿ ಹಿಡಕೊಂಡು ಇಳಿ."

"ಒಂದು" ಅಂದಳು ಸಾವಂತ್ರವ್ವ. ದುಂಡಿ ಇಳಿದಳು. ಬಿಸಿ.

"ಎರಡು." ಬಿಸಿ.

"ಮೂರು." ಬಿಸಿ.

"ನಾಕು. ಐದು. ಆರು. ಏಳು." ಬಿಸಿ ಮೇಲೆಯೇ ನಿಂತುಬಿಟ್ಟಿತು.

"ಎಂಟು. ಒಂಬತ್ತು. ಹತ್ತು." ಗೋಡೆ ತಣ್ಣಗಾಯಿತು.

"ಹನ್ನೊಂದು. ಹನ್ನೆರಡು. ಹದಿಮೂರು. ಹದಿನಾಕು." ಗಾಳಿ ತಣ್ಣಗಾಯಿತು. ದುಂಡಿಯ ಕೆನ್ನೆ ತಣ್ಣಗಾಯಿತು.

"ಹದಿನೈದು. ಹದಿನಾರು. ಹದಿನೇಳು. ಹದಿನೆಂಟು."

ದುಂಡಿ ಕೂತಳು. ಕಾಲ ಬಳಿ ನೀರು. ಕರಿ ನೀರು, ಅದರೊಳಗೆ ಒಂದು ತುಂಡು ಆಕಾಶ.

ಅವಳು ಬಾವಿಗೆ ಹೇಳಿದಳು.

"ಬಾವಿಯವ್ವಾ, ಬಾವಿಯವ್ವಾ!
ಸಾವಂತ್ರವ್ವ ಆಯಿ ಮಜ್ಜಿಗಿ ಕಡೀಲಿಲ್ಲ.
ದ್ಯಾಮಕ್ಕ ಇದ್ದಿಲು ತೆಗೀಲಿಲ್ಲ.
ಮೌನೇಶ ಮಾಮಾ ದಬ್ಬಣ ಬಡೀಲಿಲ್ಲ.
ಜೈನಾಬಿ ಖಾಲಾ ಚೀಲ ಹೊಲೀಲಿಲ್ಲ.
ಯಂಕಪ್ಪ ಕಾಕಾ ಮಣ್ಣು ತರಲಿಲ್ಲ.
ಗೌಂಡಿ ಮುತ್ಯಾ ಮಾಳಿಗಿ ಏರಲಿಲ್ಲ.
ಮನ್ಯಾಗ ತಂಪಿಲ್ಲ.
ತಮ್ಮಗ ನಿದ್ದಿಲ್ಲ!"

ಇಲ್ಲ… ಇಲ್ಲ… ಇಲ್ಲ… ಅಂದವು ಬಾವಿಯ ಕಲ್ಲುಗಳು. ಸುತ್ತಿ ಸುತ್ತಿ ಅಂದವು. ಆಮೇಲೆ ಸುಮ್ಮನಾದವು.

ದುಂಡಿ ಕಾದಳು. ಗೌಂಡಿ ಮುತ್ಯಾ ಮಣ್ಣು ಕೇಳಿದ್ದ. ಯಂಕಪ್ಪ ಚೀಲ ಕೇಳಿದ್ದ. ಜೈನಾಬಿ ದಬ್ಬಣ ಕೇಳಿದ್ದಳು. ಮೌನೇಶ ಇದ್ದಿಲು ಕೇಳಿದ್ದ. ದ್ಯಾಮವ್ವ ಮಜ್ಜಿಗೆ ಕೇಳಿದ್ದಳು. ಸಾವಂತ್ರವ್ವ ತಣ್ಣೀರು ಕೇಳಿದ್ದಳು. ಬಾವಿ ಏನು ಕೇಳುತ್ತದೆ?

ಬಾವಿ ಏನೂ ಕೇಳಲಿಲ್ಲ.

ದುಂಡಿ ಕೊಡ ಬಾಗಿಸಿದಳು. ಗುಳು ಗುಳು ಗುಳು. ಕೊಡ ತುಂಬಿತು.

ಅಬ್ಬಾ! ಮೇಲೆ ಇಡೀ ಊರು ಕುದಿಯುತ್ತಿದೆ. ಕೆಳಗೆ ಇಷ್ಟು ತಂಪು ಸದ್ದಿಲ್ಲದೆ ಕೂತಿದೆ. ಯಾರು ಇಟ್ಟರು ಇದನ್ನು? ಯಾರು ಕಾಯುತ್ತಾರೆ ಇದನ್ನು?

ಕೊಡ ಹೊತ್ತು ಮೇಲೆ ಬಂದು ಅವಳು ಕೇಳಿದ್ದು ಅದನ್ನೇ.

"ಮಣ್ಣು ಕಾಯ್ತೈತಿ ಕೂಸ" ಅಂದಳು ಸಾವಂತ್ರವ್ವ. "ಬಾವಿ ಸುತ್ತ ಮಣ್ಣೈತಲ್ಲ? ಬಿಸಲು ಎಷ್ಟು ದೊಡ್ಡದಿದ್ರೂ ಮಣ್ಣಿನ್ನ ದಾಟಿ ಬರಾಕ ಆಗಂಗಿಲ್ಲ. ಬರೂದ್ರಾಗ ದಣೀತೈತಿ."

ದುಂಡಿ ಬಾಗಿದಳು. ಕಾಲ ಕೆಳಗಿನ ಮಣ್ಣು ಮುಟ್ಟಿ ನೋಡಿದಳು. ದಿನಾ ತುಳಿಯುವ ಮಣ್ಣು. ದಿನಾ ಆಡುವ ಮಣ್ಣು. ಅದಕ್ಕೆ ಇಷ್ಟು ಬಲ!

ಸಾವಂತ್ರವ್ವ ಮೊಸರಿಗೆ ತಣ್ಣೀರು ಸುರಿದಳು. ಸೊರ್ ಬುರ್ ಸೊರ್ ಬುರ್ ಕಡೆದಳು. ಬಿಳಿ ಬೆಣ್ಣೆ ಚಂದ್ರನ ಹಾಗೆ ಮೇಲೆ ತೇಲಿತು. ಬೆಣ್ಣೆ ತೆಗೆದಳು, ಮಜ್ಜಿಗೆ ಕೊಟ್ಟಳು.

ದ್ಯಾಮವ್ವ ಮಜ್ಜಿಗೆ ಕುಡಿದಳು. ಗಟ ಗಟ ಗಟ. ಕಣ್ಣು ಅರಳಿತು. ದನಿ ಬಂತು. "ಬದುಕಿದೆ ನನ್ನವ್ವಾ!" ಅಂದಳು. ಎದ್ದಳು. ಗೂಡಿನ ಮಣ್ಣು ಸರಿಸಿದಳು. ಒಳಗೆ ಕರಿ ಕರಿ ಇದ್ದಿಲು, ಕೊಂಬೆಯ ಆಕಾರ ಹಾಗೇ ಇತ್ತು, ಗಂಟು ಹಾಗೇ ಇತ್ತು, ಎತ್ತಿದರೆ ಹೂವಿನಷ್ಟು ಹಗುರ. ದ್ಯಾಮವ್ವ ಬುಟ್ಟಿ ತುಂಬಿ ಕೊಟ್ಟಳು.

ಮೌನೇಶ ಇದ್ದಿಲು ನೋಡಿ ದಡಕ್ಕನೆ ಎದ್ದ. ಕುಲುಮೆಗೆ ಹಾಕಿದ. ಬೆಂಕಿ ಹಚ್ಚಿದ. ತಿದಿ ಒತ್ತಿದ. ಬುಸ್ ಬುಸ್ ಬುಸ್. ಕರಿ ಇದ್ದಿಲು ಕೆಂಪಾಯಿತು. ಕರಿ ಕಬ್ಬಿಣ ಕೆಂಪಾಯಿತು. ಮುಳುಗುವ ಸೂರ್ಯನ ಬಣ್ಣವಾಯಿತು. "ದೂರ ನಿಂದ್ರು" ಅಂದ ಮೌನೇಶ. ಅವನೀಗ ಸಿಡುಕಲಿಲ್ಲ. ಠಣ್ ಠಣ್ ಠಣ್ ಬಡಿದ. ಬಡಿದು, ಎಳೆದು, ಚೂಪು ಮಾಡಿದ. ತೂತು ಕೊರೆದ. ನೀರಿಗೆ ಹಾಕಿದ. ಚುಂಯ್! ಒಂದು ಗೇಣುದ್ದ ದಬ್ಬಣ ಸಿದ್ಧವಾಯಿತು.

ಜೈನಾಬಿ ದಬ್ಬಣಕ್ಕೆ ದಾರ ಪೋಣಿಸಿದಳು. ಚುಚ್ಚಿದಳು, ಎಳೆದಳು. ಚುಚ್ಚಿದಳು, ಎಳೆದಳು. ಒಂದು ಕತ್ತೆಗೆ ಒಂದು ಚೀಲ. ಇನ್ನೊಂದು ಕತ್ತೆಗೆ ಇನ್ನೊಂದು ಚೀಲ. "ಇದ್ರಾಗ ಆನಿ ಹಾಕಿದ್ರೂ ಹರಿಯಂಗಿಲ್ಲ!" ಅಂದಳು.

ಯಂಕಪ್ಪ ಚೀಲದೊಳಗೆ ಕೈ ಹಾಕಿದ. ಬೆರಳು ಹೊರಗೆ ಬರಲೇ ಇಲ್ಲ. ನಕ್ಕ. ಕತ್ತೆ ಹೊಡೆದುಕೊಂಡು ಹಳ್ಳದ ಆಚೆ ಹೋದ. ಅಲ್ಲಿ ನೆಲದ ತುಂಬ ಸವಳು ಮಣ್ಣು. ಬೆಳ್ಳಗೆ, ಉಪ್ಪುಪ್ಪಾಗಿ, ಬಿಸಿಲಿಗೆ ಮಿಣಿಮಿಣಿ ಮಿಂಚುತ್ತಿತ್ತು. ಬಿಳಿ ಕತ್ತೆ ಹೊತ್ತಿತು. ಬೂದಿ ಕತ್ತೆ ಹೊತ್ತಿತು. ಹೊತ್ತವು, ಹಾಕಿದವು. ಹೊತ್ತವು, ಹಾಕಿದವು. ಅಡಿಗೆ ಹಾಕಲು ಹಳ್ಳದ ಕೆಂಪು ಮಣ್ಣು, ಅದರ ಮೇಲೆ ಹಾಕಲು ಸವಳು ಮಣ್ಣು. ಮನೆಯ ಮುಂದೆ ಎರಡು ಗುಡ್ಡ ಎದ್ದವು.

ಗೌಂಡಿ ಮುತ್ಯಾ ಗುಡ್ಡ ನೋಡಿದ. ಧೋತರ ಎತ್ತಿ ಕಟ್ಟಿದ. ಏಣಿ ಹಾಕಿದ. ಮಾಳಿಗೆ ಏರಿದ!

ಮೊದಲ ದಿನ ಸಡಿಲಾದ ಹಳೇ ಮಣ್ಣು ಕೆರೆದ. ಅಪ್ಪನೂ ಏರಿದ. ಬೆಳಕಿಂಡಿಗೆ ತಾನೇ ಬಡಿದಿದ್ದ ತಗಡನ್ನು ತಾನೇ ಕಿತ್ತ. ಗೌಂಡಿ ಮುತ್ಯಾ ಅಲ್ಲಿ ಸಣ್ಣ ಕಬ್ಬಿಣದ ಜಾಳಿಗೆ ಕೂರಿಸಿದ. "ಬಿಸಿ ಹೊರಗ ಹೋಗಲಿ, ಬೆಕ್ಕು ಹೊರಗ ಇರಲಿ" ಅಂದ.

ಎರಡನೆಯ ದಿನ ಬೇವಿನ ಸೊಪ್ಪು ಹಾಸಿದ. ಸೊಪ್ಪಿನ ಮೇಲೆ ಕೆಂಪು ಮಣ್ಣು ಹಾಕಿದ. ನೀರು ಚಿಮುಕಿಸಿದ. ಹಲಗೆಯಿಂದ ಬಡಿದ. ದಬ್ ದಬ್ ದಬ್.

ಮೂರನೆಯ ದಿನ ಸವಳು ಮಣ್ಣು ಹಾಕಿದ. ನೀರು ಚಿಮುಕಿಸಿದ. ಬಡಿದ. ದಬ್ ದಬ್ ದಬ್. ಹೊರಗಿನ ಗೋಡೆಗೆ ಅವ್ವ ಸುಣ್ಣ ಬಳಿದಳು. ಕರಿ ಗೋಡೆ ಹಾಲಿನಂತಾಯಿತು. ಬಿಸಿಲು ಬಂದು ಮುಟ್ಟಿತು, ಹಾಗೇ ಹಿಂದಕ್ಕೆ ಹೋಯಿತು.

ದುಂಡಿ ಏಣಿ ಹತ್ತಿ ಮುತ್ಯಾನ ಪಕ್ಕ ನಿಂತಳು. ಅಂಚಿನಲ್ಲಿ ಮೊಣಕೈ ಇಟ್ಟು ಅಳೆದಳು. ಬೆರಳ ತುದಿಯಿಂದ ಮೊಣಕೈವರೆಗೆ. ಆದರೆ ದುಂಡಿಯ ಕೈ ಸಣ್ಣದು. ಮಣ್ಣು ಇನ್ನೂ ಮೇಲಿತ್ತು.

"ನಿನ್ನ ಮೊಳ ಅಲ್ಲ" ಅಂದ ಮುತ್ಯಾ. ತನ್ನ ಕೈ ಇಟ್ಟ. "ನನ್ನ ಮೊಳ."

ಒಂದು ಮೊಳ. ಸರಿಯಾಗಿ ಒಂದು ಮೊಳ.

ನಾಲ್ಕನೆಯ ದಿನ ಏನಾಯಿತು?

ಸೂರ್ಯ ನೆತ್ತಿಗೆ ಬಂದ. ಕಲ್ಲು ಕಾಯಿತು. ನಾಯಿ ನಾಲಗೆ ಚಾಚಿತು. ಕಾಗೆ ಬಾಯಿ ತೆರೆಯಿತು. ದುಂಡಿ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಳು. ಹಾಗೇ ನಿಂತುಬಿಟ್ಟಳು.

ಫ್ಯಾನು ತಿರುಗುತ್ತಿರಲಿಲ್ಲ. ಆದರೂ ಕೆನ್ನೆಗೆ ಏನೋ ಮುಟ್ಟಿತು. ಮೆಲ್ಲಗೆ ಬಾಗಿಲಿಂದ ಒಳಗೆ ಬಂತು. ಮೆಲ್ಲಗೆ ಬೆಳಕಿಂಡಿಯಿಂದ ಮೇಲೆ ಹೋಯಿತು. ಮನೆ ಉಸಿರಾಡುತ್ತಿತ್ತು! ಬೆಳಕಿಂಡಿಯಿಂದ ಒಂದು ಬೆಳಕಿನ ಕಂಬ ಇಳಿದು ನೆಲದ ಮೇಲೆ ನಿಂತಿತ್ತು. ಕಂಬದೊಳಗೆ ಧೂಳಿನ ಕಣ ಬಂಗಾರದಂತೆ ತೇಲುತ್ತ ತೇಲುತ್ತ ಮೇಲೇರುತ್ತಿದ್ದವು.

ಒಬ್ಬೊಬ್ಬರಾಗಿ ಎಲ್ಲರೂ ನೋಡಲು ಬಂದರು. ಹೊಸ್ತಿಲು ದಾಟಿದವರು ತಲೆ ಎತ್ತಿ ಬೆಳಕಿಂಡಿ ನೋಡಿದರು. ಯಂಕಪ್ಪ ತಲೆಯ ವಸ್ತ್ರ ಬಿಚ್ಚಿ ಬೆವರು ಒರೆಸಿಕೊಂಡ. ಮೌನೇಶ ಗೋಡೆಗೆ ಅಂಗೈ ಇಟ್ಟು ಹಾಗೇ ನಿಂತ. ಯಾರೋ ಮೆಲ್ಲಗೆ ಅಂದರು, "ಅಬ್ಬಬ್ಬಾ."

ಅವ್ವ ಬಾಳುವನ್ನು ತೊಟ್ಟಿಲಲ್ಲಿ ಮಲಗಿಸಿದಳು. ತೂಗಲಿಲ್ಲ. ಆಯಿ ಹಾಡಲಿಲ್ಲ. ಬಾಳು ಬೆಳಕಿನ ಕಂಬ ನೋಡಿದ. ಕಣ್ಣು ಮಿಟುಕಿಸಿದ. ಆಕಳಿಸಿದ. ಇನ್ನೊಮ್ಮೆ ಮಿಟುಕಿಸಿದ.

ಕಣ್ಣು ಮುಚ್ಚಿದ. ಸಂಜೆಯವರೆಗೆ ನಿದ್ದೆ!

ಬಾವಿ ನೀರು ಕೊಟ್ಟಿತು.
ಸಾವಂತ್ರವ್ವ ಮಜ್ಜಿಗೆ ಕಡೆದಳು.
ದ್ಯಾಮವ್ವ ಇದ್ದಿಲು ತೆಗೆದಳು.
ಮೌನೇಶ ದಬ್ಬಣ ಬಡಿದ.
ಜೈನಾಬಿ ಚೀಲ ಹೊಲಿದಳು.
ಯಂಕಪ್ಪ ಮಣ್ಣು ತಂದ.
ಗೌಂಡಿ ಮುತ್ಯಾ ಮಾಳಿಗೆ ಏರಿದ.
ಮನೆಗೆ ತಂಪು ಬಂತು.
ತಮ್ಮನಿಗೆ ನಿದ್ದೆ ಬಂತು.

ದುಂಡಿ ಮಲಗಲಿಲ್ಲ. ತೊಟ್ಟಿಲ ಪಕ್ಕ ನೆಲದ ಮೇಲೆ ಅಂಗಾತ ಬಿದ್ದುಕೊಂಡಳು. ಮಾಳಿಗೆಯನ್ನೇ ನೋಡಿದಳು. ಅದರ ಆ ಕಡೆ ಏನಿದೆ ಅಂತ ಅವಳಿಗೆ ಗೊತ್ತು. ಆ ಕಡೆ ಇಡೀ ಆಕಾಶದ ಬೆಂಕಿ ಇದೆ. ಈ ಕಡೆ ತಮ್ಮ ತುಟಿ ಚಪ್ಪರಿಸುತ್ತ ಮಲಗಿದ್ದಾನೆ. ನಡುವೆ ಏನಿದೆ?

ಒಂದು ಮೊಳ ಮಣ್ಣು.

ಅಷ್ಟೇ. ಬರೀ ಒಂದು ಮೊಳ ಮಣ್ಣು.

ಅವರ ಮಾಳಿಗೆ ಅಲ್ಲಿ ತಂಪಾಯಿತು. ನಿಮ್ಮ ಕಣ್ಣು ಇಲ್ಲಿ ಭಾರವಾಯಿತು. ಹೂಂ ಅನ್ನುವವರು ಯಾರಾದರೂ ಇದ್ದೀರಾ?

ಯಾರೂ ಇಲ್ಲ. ಹಾಗಾದರೆ ಕಥೆಯೂ ಮಲಗಿತು.